"ಅಮ್ಮಾ, ಕಾಲಿಗೆ ಮಣ್ಣು!"

ಕಳೆದ ದಸರಾ ರಜೆಯಲ್ಲಿ ಊರಿಗೆ ಹೋಗಿದ್ದೆವು. ಕಾರಿನಿಂದ ಇಳಿಯುವಾಗ ನಾಲ್ಕು ವರ್ಷದ ಮಗಳ ಒಂದು ಚಪ್ಪಲಿ ಕಳಚಿಬಿತ್ತು. ಹಿಂದಿನ ರಾತ್ರಿ ಮಳೆಯಾಗಿತ್ತು. ಅಮ್ಮನ ಮನೆ ಅಂಗಳದ ಒದ್ದೆ ಮಣ್ಣಿಗೆ ಅವಳ ಬರಿಗಾಲು ತಾಗಿದ್ದೇ ತಡ, ಆ ಕಾಲನ್ನು ಮೇಲೆತ್ತಿಕೊಂಡು ಕೊಕ್ಕರೆ ಹಾಗೆ ನಿಂತುಬಿಟ್ಟಳು. "ಅಮ್ಮಾ, ಕಾಲಿಗೆ ಮಣ್ಣು! ಡರ್ಟಿ! ಒರೆಸು!" ಅಂತ ಒಂದೇ ಸಮನೆ ಅಳು. ಬ್ಯಾಗಿನಿಂದ ವೆಟ್ ವೈಪ್ಸ್ ತೆಗೆದು ಬೆರಳ ಸಂದಿಯನ್ನೆಲ್ಲ ಒರೆಸಿದ ಮೇಲೇ ಸಮಾಧಾನವಾಗಿದ್ದು.

ನನಗೆ ನಗು ಬಂತು. ಜಗಲಿ ಮೇಲೆ ನಿಂತಿದ್ದ ಅಮ್ಮ ಮಾತ್ರ ನಗಲಿಲ್ಲ. "ಇದೇನವ್ವ, ಮಗೀಗೆ ಮಣ್ಣು ಕಂಡ್ರೆ ಹೆದ್ರಿಕೆನಾ?" ಎಂದಳು.

ಅಮ್ಮ ತಿ. ನರಸೀಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ದೇಶದಲ್ಲಿ ಅಂಗನವಾಡಿಗಳ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟಿದ್ದು ನಮ್ಮ ತಾಲ್ಲೂಕಿಗೇ. ಅಮ್ಮ ಸೇರಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಊರಿನ ಅರ್ಧ ಜನ ಇವತ್ತಿಗೂ ಅವಳನ್ನು "ಟೀಚರ್" ಅಂತಲೇ ಕರೆಯೋದು. ಅಂಥವಳ ಮೊಮ್ಮಗಳು ಮಣ್ಣಿಗೆ ಹೆದರಿ ಅಳುತ್ತಿದ್ದಳು.

ಆ ಹೆದರಿಕೆ ಎಲ್ಲಿಂದ ಬಂತು ಅನ್ನೋದು ಅಮ್ಮನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮಗಳ ಪ್ಲೇ ಸ್ಕೂಲ್ ಇರೋದು ಬೆಂಗಳೂರಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆಯ ಒಂದು ಹಳೇ ಮನೆಯಲ್ಲಿ. ಸೇರಿಸುವಾಗ ಮುಂದೆ ಒಂದು ಹೊಂಗೆ ಮರ, ಅದರ ಕೆಳಗೆ ಮಕ್ಕಳು ಆಡೋಕೆ ಮರಳಿನ ಗುಂಡಿ ಇತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೊದಲ ವಾರ ಮಗಳು ತಲೆ ತುಂಬ ಮರಳು, ಬಟ್ಟೆ ತುಂಬ ಕೆಸರು, ಮಂಡಿಯಲ್ಲಿ ತರಚಿದ ಗಾಯದ ಜೊತೆ ಮನೆಗೆ ಬಂದಳು. ಅವತ್ತು ನನಗೆ ಆಫೀಸಿನಲ್ಲಿ ರಿಲೀಸ್ ಇತ್ತು, ತಲೆ ಕೆಟ್ಟಿತ್ತು. ಗಾಯದ ಫೋಟೊ ತೆಗೆದು ಪೇರೆಂಟ್ಸ್ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ, "ಮಕ್ಕಳನ್ನು ನೋಡಿಕೊಳ್ಳೋರು ಅಲ್ಲಿ ಯಾರೂ ಇಲ್ವಾ?" ಎಂದು ಕೇಳಿದೆ. ಹನ್ನೊಂದು ಜನ ಥಂಬ್ಸ್ ಅಪ್ ಒತ್ತಿದರು.

ಮುಂದಿನ ತಿಂಗಳು ಗುಂಡಿ ಮುಚ್ಚಿ, ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿದರು. 'ಸೇಫ್ ಪ್ಲೇ ಏರಿಯಾ' ಅಂತ ಫೋಟೊ ಬಂತು. ಮೊದಲು ಹಾರ್ಟ್ ಕೊಟ್ಟವಳು ನಾನೇ. ಬಿಸಿಲೇರಿದರೆ ಪ್ಲಾಸ್ಟಿಕ್ ಹುಲ್ಲು ಕಾಲಿಡಲಾಗದಷ್ಟು ಕಾಯುತ್ತದೆ, ಹಾಗಾಗಿ ಮಕ್ಕಳು ಹೊರಗೆ ಬರುವುದೇ ಕಡಿಮೆಯಾಯಿತು. ಆ ಹೊತ್ತಿಗೆ ವರ್ಕ್‌ಶೀಟ್ ಬಂತು. ನವರಾತ್ರಿ ಹೊತ್ತಿಗೆ ಮಗಳು ಎ ಇಂದ ಝೆಡ್‌ವರೆಗೆ ಬರೆಯುತ್ತಿದ್ದಳು, ನೂರರವರೆಗೆ ಎಣಿಸುತ್ತಿದ್ದಳು. ನನಗೆ ಹೆಮ್ಮೆಯೋ ಹೆಮ್ಮೆ.

ಊರಲ್ಲಿದ್ದ ಹತ್ತು ದಿನ ಅಮ್ಮ ಅವಳಿಗೆ "ಮಣ್ಣು ಮುಟ್ಟು" ಅಂತ ಒಂದು ಸಲವೂ ಹೇಳಲಿಲ್ಲ. ಮೊದಲ ದಿನ ಜಗಲಿ ಮೇಲೆ ಒಂದು ಬಕೆಟ್ ನೀರು, ಒಂದು ಚೊಂಬು, ನಾಲ್ಕೈದು ತೆಂಗಿನ ಕರಟ ಇಟ್ಟು ತನ್ನ ಪಾಡಿಗೆ ಸೊಪ್ಪು ಬಿಡಿಸುತ್ತ ಕೂತಳು. ಮಗಳು ತುಂಬಿದಳು, ಸುರಿದಳು, ಮತ್ತೆ ತುಂಬಿದಳು. ಚೊಂಬು ತುಂಬೋಕೆ ದೊಡ್ಡ ಕರಟದಲ್ಲಾದರೆ ಮೂರು ಸಲ, ಚಿಕ್ಕದರಲ್ಲಾದರೆ ಐದು ಸಲ ಅನ್ನೋದನ್ನು ತಾನೇ ಕಂಡುಹಿಡಿದು, ಓಡಿಬಂದು ನನಗೆ ಹೇಳಿದಳು. ಮಾರನೇ ದಿನ ಬಕೆಟ್ ಪಕ್ಕ ಒಂದು ಮೊರದ ತುಂಬ ಜರಡಿ ಹಿಡಿದ ಮಣ್ಣು ಬಂತು. ಮಗಳು ಒಂದು ಬೆರಳು ಇಟ್ಟು ನೋಡಿದಳು. ನಾಲ್ಕನೇ ದಿನ ಸಕ್ಕರೆ ಹರಳು ಹೊತ್ತ ಇರುವೆ ಸಾಲಿನ ಹಿಂದೆ ಕುಕ್ಕರಗಾಲಲ್ಲಿ ಹೋಗುತ್ತ ಹೋಗುತ್ತ ಅಂಗಳಕ್ಕೇ ಇಳಿದಿದ್ದಳು. ಚಪ್ಪಲಿ ಜಗಲಿ ಮೇಲೇ ಇತ್ತು!

ಇನ್ನೊಂದು ದಿನ ಅಮ್ಮ, "ಪುಟ್ಟಿ, ಆ ರಾಶಿಯಿಂದ ಏಳು ಹುಣಸೆ ಬೀಜ ತಗಂಬಾ" ಎಂದಳು. ನೂರರವರೆಗೆ ಎಣಿಸುವ ನನ್ನ ಮಗಳು ಹಿಡಿಯಲ್ಲಿ ಒಂಬತ್ತು ಬೀಜ ತಂದಳು. ಬಾಯಿ "ಏಳು" ಅನ್ನುವಾಗ ಕೈ ಎಲ್ಲೋ ಇರುತ್ತಿತ್ತು. ನೂರರವರೆಗೆ ಎಣಿಸೋದು ಅವಳಿಗೆ ಒಂದು ಹಾಡು ಅಷ್ಟೇ, ಲೆಕ್ಕ ಅಲ್ಲ. ನನ್ನ ಮುಖ ಸಣ್ಣಗಾಗಿದ್ದು ನೋಡಿ ಅಮ್ಮ, "ಅದ್ಕೆ ಯಾಕವ್ವ ಬೇಜಾರು? ಮೊದ್ಲು ಕೈ ಕಲಿಬೇಕು, ಆಮೇಲೆ ಬಾಯಿ. ನೀವು ಉಲ್ಟಾ ಕಲ್ಸಿದೀರ, ಅಷ್ಟೇಯ" ಎಂದಳು. ಊರು ಬಿಡುವ ಹೊತ್ತಿಗೆ ಏಳು ಕೇಳಿದರೆ ಏಳೇ ಬರುತ್ತಿತ್ತು.

ಹಿತ್ತಲಿನ ಸೀಬೆ ಮರದ ತಗ್ಗಿನ ಕೊಂಬೆಗೆ ಹತ್ತಿದ ದಿನ ನಾನು ಅಡುಗೆಮನೆ ಕಿಟಕಿಯಿಂದಲೇ "ಬೀಳ್ತೀಯಾ, ಇಳಿ!" ಅಂತ ಕೂಗಿದೆ. ಅಮ್ಮ ಮರದ ಬುಡದಲ್ಲೇ ನಿಂತಿದ್ದಳು. "ಬೀಳ್ತೀಯಾ ಅಂದ್ರೆ ಅದ್ಕೆ ಹೆದ್ರಿಕೆ ಆಯ್ತದೆ, ದಾರಿ ಗೊತ್ತಾಗಲ್ಲ. ಎಲ್ಲಿ ಕಾಲಿಟ್ಟಿದೀಯ, ಯಾವ ಕೊಂಬೆ ಹಿಡ್ಕಂಡಿದೀಯ ಅಂತ ಕೇಳು" ಎಂದಳು. ಕೇಳಿದೆ. ಮಗಳು ತನ್ನ ಕಾಲು ನೋಡಿಕೊಂಡಳು, ಕೈ ನೋಡಿಕೊಂಡಳು, ನಿಧಾನಕ್ಕೆ ತಾನೇ ಇಳಿದಳು.

"ನಿನ್ನ ಅಂಗನವಾಡೀಲಿ ಯಾರೂ ಕಂಪ್ಲೇಂಟ್ ಮಾಡ್ತಿರ್ಲಿಲ್ವಾ ಅಮ್ಮ?" ಅಂತ ಅವತ್ತು ರಾತ್ರಿ ಕೇಳಿದೆ. "ಮಾಡ್ದೆ ಇರ್ತಾರಾ? ಮಣ್ಣಾಟ ಮನೇಲೇ ಆಡ್ತವೆ, ಅದ್ಕೆ ಇಲ್ಲಿಗ್ಯಾಕೆ ಕಳಿಸ್ಬೇಕು ಅನ್ನೋರು" ಎಂದಳು. ಅವಳಿಗಿದ್ದದ್ದು ಒಂದು ಬಾಡಿಗೆ ಕೋಣೆ, ಒಳಗೆ ಬೆಳಕೂ ಸರಿಯಾಗಿ ಇರಲಿಲ್ಲ. ಅದಕ್ಕೇ ಎದುರಿನ ಮರದ ನೆರಳು ಅವಳ ಎರಡನೇ ಕೋಣೆಯಾಗಿತ್ತು. ಮಕ್ಕಳು ಬರೋಕೆ ಮುಂಚೆ ದಿನಾ ತಾನೂ ಸಹಾಯಕಿಯೂ ಸೇರಿ ಅಲ್ಲಿ ಗುಡಿಸಿ, ಮುಳ್ಳು, ಗಾಜಿನ ಚೂರು ಆರಿಸಿ, ಪೊದೆ ಕಡೆ ಹಾವಿದೆಯಾ ಅಂತ ಕೋಲಿನಲ್ಲಿ ಬಡಿದು ನೋಡುತ್ತಿದ್ದರಂತೆ. ಮಕ್ಕಳನ್ನು ಹೊರಗೆ ಬಿಡೋದು ಅಂದರೆ ಸುಮ್ಮನೆ ಬಿಟ್ಟುಬಿಡೋದಲ್ಲ, ಅದೂ ಒಂದು ಕೆಲಸ ಅನ್ನೋದು ನನಗೆ ಆಗ ಹೊಳೆಯಿತು.

ಬೆಂಗಳೂರಿಗೆ ಬಂದ ಮೇಲೆ ಒಂದಿಷ್ಟು ಓದಿದೆ. ಅಂಗನವಾಡಿ ಅನ್ನೋ ಹೆಸರಲ್ಲೇ ಅಂಗಳ ಇದೆ. ಮಹಾರಾಷ್ಟ್ರದ ಬೋರ್ಡಿಯಲ್ಲಿ 1945ರಲ್ಲಿ ಹಳ್ಳಿ ಮಕ್ಕಳಿಗಾಗಿ ಕೆಲಸ ಶುರುಮಾಡಿದ ತಾರಾಬಾಯಿ ಮೋಡಕ್, ಬಡ ಮಕ್ಕಳು ಬಾಲವಾಡಿಗೆ ಬರದಿದ್ದಾಗ ಬಾಲವಾಡಿಯನ್ನೇ ಅವರ ಮನೆಯಂಗಳಕ್ಕೆ ಕೊಂಡೊಯ್ದರು. ನಾವು ದೊಡ್ಡ ಫೀಸು ಕಟ್ಟಿ ಕಳಿಸುವ ಕಿಂಡರ್‌ಗಾರ್ಟನ್ ಅಂದರೂ ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ ಅಂತಲೇ ಅರ್ಥ. ಆ ಹೆಸರು ಕೊಟ್ಟ ಫ್ರೋಬೆಲ್ ಶಾಲೆಯಲ್ಲಿ ಮಕ್ಕಳಿಗೆ ಗಿಡ ಬೆಳೆಸಲು ಪುಟ್ಟ ಪುಟ್ಟ ಪಾತಿಗಳಿರಬೇಕು ಎಂದಿದ್ದ. ನಾವು ಹೆಸರು ಇಟ್ಟುಕೊಂಡೆವು, ತೋಟ ಬಿಟ್ಟೆವು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಮೂರು–ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ಅದರಲ್ಲಿ 60 ನಿಮಿಷ ಓಡಿ, ಹಾರಿ, ಏದುಸಿರು ಬಿಡುವಂಥದ್ದಿರಬೇಕು. ಕಣ್ಣಿಗೂ ಹೊರಗಿನ ಬೆಳಕು ಬೇಕು. ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚಾಗುತ್ತಿದ್ದುದನ್ನು ಕಂಡು ತೈವಾನ್ 2010ರಲ್ಲಿ ಪ್ರೈಮರಿ ಶಾಲೆಗಳಲ್ಲಿ ದಿನಕ್ಕೆ 120 ನಿಮಿಷ ಹೊರಗೆ ಕಳೆಯುವ ಕಾರ್ಯಕ್ರಮ ತಂದಿತು. ವರ್ಷ ವರ್ಷ ಏರುತ್ತಿದ್ದ ದೃಷ್ಟಿದೋಷದ ಪ್ರಮಾಣ ಆಮೇಲೆ ಇಳಿಮುಖವಾಯಿತು. ನನ್ನ ಮಗಳು ಹೊರಗೆ ಇರುತ್ತಿದ್ದದ್ದು ಎಷ್ಟು ಹೊತ್ತು ಅಂತ ಲೆಕ್ಕ ಹಾಕಿದೆ. ವ್ಯಾನ್ ಹತ್ತೋದು, ಇಳಿಯೋದು ಎಲ್ಲ ಸೇರಿಸಿದರೂ ಇಪ್ಪತ್ತು ನಿಮಿಷ ದಾಟಲಿಲ್ಲ.

ಸ್ಕೂಲಿಗೆ ಹೋಗಿ ಹೆಡ್ ಮೇಡಂ ಹತ್ತಿರ ಮಾತಾಡಿದೆ. ಅವರು ಸಿಟ್ಟಾಗಲಿಲ್ಲ. "ಮೇಡಂ, ಮರಳು ತೆಗೆಸಿದ್ದು ನಿಮ್ಮ ಮೆಸೇಜ್ ಬಂದ ಮೇಲೇ ಅಲ್ವಾ?" ಎಂದರು. ತಲೆ ತಗ್ಗಿಸಿದೆ. ಸ್ಕೂಲಿನವರು ನಾವು ಏನು ಕೇಳುತ್ತೇವೋ ಅದನ್ನೇ ಕೊಡುತ್ತಾರೆ. ಕ್ಲೀನ್ ಯೂನಿಫಾರ್ಮ್ ಕೇಳಿದೆವು, ತುಂಬಿದ ವರ್ಕ್‌ಶೀಟ್ ಕೇಳಿದೆವು. "ಇವತ್ತು ಎಷ್ಟು ಹೊತ್ತು ಹೊರಗಿದ್ರು?" ಅಂತ ಯಾರೂ ಕೇಳಿರಲಿಲ್ಲ.

ಅವತ್ತು ರಾತ್ರಿ ಅದೇ ಗ್ರೂಪಿನಲ್ಲಿ ಇನ್ನೊಂದು ಮೆಸೇಜ್ ಹಾಕಿದೆ. ಜೂನ್‌ನಲ್ಲಿ ನಾನು ಬರೆದದ್ದು ತಪ್ಪು, ಮರಳು ವಾಪಸ್ ಬರಲಿ ಅಂತ. ಈ ಸಲ ಥಂಬ್ಸ್ ಅಪ್ ನಾಲ್ಕೇ. "ಮಣ್ಣಲ್ಲಿ ಆಡೋಕೆ ಇಷ್ಟು ಫೀಸ್ ಕೊಡಬೇಕಾ?" ಅಂತ ಒಬ್ಬರು ಕೇಳಿದರು. ಅಮ್ಮನ ಹಳ್ಳಿಯವರು ಕೇಳಿದ್ದೂ ಅದೇ ಪ್ರಶ್ನೆ. ಎರಡು ಮೀಟಿಂಗ್ ಆದವು. ಕೊನೆಗೆ ಪ್ಲಾಸ್ಟಿಕ್ ಹುಲ್ಲನ್ನು ಒಂದು ಮೂಲೆಯಲ್ಲಿ ಮಾತ್ರ ಕತ್ತರಿಸಿ ಅಲ್ಲಿಗೆ ಮರಳು ಹಾಕಿದರು. ಬೆಕ್ಕು ಗಲೀಜು ಮಾಡದ ಹಾಗೆ ಸಂಜೆ ಟಾರ್ಪಾಲಿನ್ ಮುಚ್ಚುತ್ತಾರೆ. ಬಿಸಿಲೇರೋಕೆ ಮುಂಚೆ ಮುಕ್ಕಾಲು ಗಂಟೆ ಮಕ್ಕಳು ಹೊರಗೆ, ಬ್ಯಾಗಿನಲ್ಲಿ ಇನ್ನೊಂದು ಜೊತೆ ಬಟ್ಟೆ. ಮೂರು ಮಕ್ಕಳ ಮನೆಯವರು ಇನ್ನೂ ಒಪ್ಪಿಲ್ಲ. ಆ ಮಕ್ಕಳು ಕಿಟಕಿ ಹತ್ತಿರ ನಿಂತು ನೋಡುತ್ತಾರಂತೆ. ಅದು ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ.

ನೀವು ಈಗ ಸ್ಕೂಲ್ ಹುಡುಕುತ್ತಿದ್ದರೆ ಎ.ಸಿ., ಸಿಸಿಟಿವಿ ಬಗ್ಗೆ ಕೇಳಿದ ಮೇಲೆ ಇನ್ನೂ ಮೂರು ಪ್ರಶ್ನೆ ಕೇಳಿ. ದಿನಕ್ಕೆ ಎಷ್ಟು ಹೊತ್ತು ಹೊರಗೆ ಬಿಡ್ತೀರಾ? ಅಲ್ಲಿ ಮಣ್ಣು, ನೀರು, ಒಂದು ಮರ ಇದೆಯಾ? ಮಗು ಹತ್ತುವಾಗ ಪಕ್ಕದಲ್ಲಿ ಯಾರು ನಿಂತಿರ್ತಾರೆ? ಮಂಡಿ ತರಚಿಕೊಂಡು ಬಂದ ದಿನ ಗಾಯ ತೊಳೆದು, ಏನಾಟ ಆಡಿದೆ ಅಂತ ಕೇಳಿ. ಗ್ರೂಪಿಗೆ ಮೆಸೇಜ್ ಹಾಕೋದು ನಾಳೆಗಿರಲಿ.

ಹೋದ ವಾರ ವಾಷಿಂಗ್ ಮೆಷಿನ್ ಒಳಗೆ ಟಕಟಕ ಸದ್ದು. ನಿಲ್ಲಿಸಿ ನೋಡಿದರೆ ಮಗಳ ಯೂನಿಫಾರ್ಮ್ ಜೇಬಿನಿಂದ ಬಿದ್ದ ಹೊಂಗೆ ಕಾಯಿಗಳು. "ಎಷ್ಟಿದಾವೆ ಪುಟ್ಟಿ?" ಎಂದೆ. ಒಂದೊಂದನ್ನೇ ಎತ್ತಿ ನೆಲದ ಮೇಲೆ ಸಾಲಾಗಿಟ್ಟಳು. "ಆರು. ಇನ್ನೊಂದು ಎಲ್ಲಿ? ಅಜ್ಜಿಗೆ ಏಳು ಬೇಕು!" ಎನ್ನುತ್ತ ಮೆಷಿನ್ ಒಳಗೇ ತಲೆ ಹಾಕಿದಳು.