ನಾನೂ ತಾತನೂ ಮಾಡಿದ ಬಾಣ

ಹೋದ ತಿಂಗಳು ನಾವು ಸೋಮನಾಥಪುರಕ್ಕೆ ಪ್ರವಾಸ ಹೋಗಿದ್ದೆವು. ಅಲ್ಲಿಯ ಕೇಶವ ದೇವಾಲಯವನ್ನು 1258ರಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥನು ಕಟ್ಟಿಸಿದನು. ಗೋಡೆಯ ಸುತ್ತಲೂ ರಾಮಾಯಣ, ಮಹಾಭಾರತದ ಕಥೆಗಳನ್ನು ಕೆತ್ತಿದ್ದಾರೆ. ಬಿಲ್ಲು ಬಾಣ ಹಿಡಿದ ವೀರರನ್ನು ನೋಡಿ ನನಗೂ ಅಂಥ ಬಾಣ ಮಾಡಬೇಕು ಅಂತ ಆಸೆಯಾಯ್ತು.

ನಮ್ಮ ತಾತ ಬಿದಿರಿನ ಮಂಕರಿ, ಮೊರ ಹೆಣೆಯುತ್ತಿದ್ದರು. ಈಗ ಎಲ್ಲರೂ ಪ್ಲಾಸ್ಟಿಕ್ ಬುಟ್ಟಿ ತಗೋತಾರೆ. ಎರಡು ವರ್ಷದಿಂದ ತಾತನ ಮಚ್ಚು ಸೂರಿನಲ್ಲೇ ಇತ್ತು. ನಾನು ಕೇಳಿದ ಕೂಡಲೇ ಅದನ್ನು ತೆಗೆದು ಕಲ್ಲಿನ ಮೇಲೆ ಮಸೆದರು.

ಒಣಗಿದ ಬಿದಿರನ್ನು ಸೀಳಿ ದುಂಡಗೆ ಹೆರೆದರು. ತಾತನಿಗೆ ಕಣ್ಣು ಮಂಜು. ಆದರೂ ಬೆರಳಲ್ಲಿ ಸವರಿಯೇ ಎಲ್ಲಿ ಸೊಟ್ಟ ಅಂತ ಹೇಳ್ತಾರೆ. ಅಲ್ಲಿ ಕೆಂಡದ ಶಾಖ ಕೊಟ್ಟು ನೆಟ್ಟಗೆ ಮಾಡಿದರು. ಹಿಂದಿನ ತುದಿಯಲ್ಲಿ ಹೆದೆ ಕೂರಲು ನಾನು ಕಚ್ಚು ಹಾಕಿದೆ. ಕೋಳಿಗರಿ ಸೀಳಿ ಮೂರು ಕಡೆ ದಾರದಿಂದ ಕಟ್ಟಿದೆವು. ಗರಿ ಇಲ್ಲದಿದ್ರೆ ಬಾಣ ನೇರ ಹೋಗಲ್ಲ. ಯಾರಿಗೂ ಪೆಟ್ಟಾಗಬಾರದು ಅಂತ ಮುಂದೆ ಕಬ್ಬಿಣದ ಅಲಗಿನ ಬದಲು ಬಟ್ಟೆ ಸುತ್ತಿದೆವು.

"ನಾಳೆ ಬಾ ಮಗ, ಮಂಕರಿ ಹೆಣೆಯೋದೂ ಕಲಿ" ಅಂದರು ತಾತ. ಈಗ ದಿನಾ ಸಂಜೆ ಕಲೀತಾ ಇದ್ದೀನಿ. ಬಾಣ ನಮ್ಮ ತರಗತಿಯಲ್ಲಿದೆ, ಎಲ್ಲರೂ ಬಂದು ನೋಡಿ.

7ನೇ ತರಗತಿ, ಚಿಕ್ಕಯ್ಯನಛತ್ರ