ಕೆರೆಯ ದಾರಿಯ ನೆಲಗುಬ್ಬಿ

ಹಗರಿಬೊಮ್ಮನಹಳ್ಳಿಗೆ ಬಂದ ನೆಂಟರನ್ನು ನಾವು ತಪ್ಪದೆ ಅಂಕಸಮುದ್ರದ ಕೆರೆಗೆ ಕರೆದೊಯ್ಯುತ್ತೇವೆ. ನೀರಿನ ನಡುವಿನ ಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆಗಳ ಗೂಡು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕಳೆದ ಫೆಬ್ರವರಿಯಲ್ಲಿ ಆರನೇ ತರಗತಿಯ ಮೊಮ್ಮಗನೊಡನೆ ನಾನೂ ಹೊರಟೆ. ಆದರೆ ನಾವು ಕೆರೆ ತಲುಪಿದ್ದು ಬಿಸಿಲೇರಿದ ಮೇಲೆ. ದಾರಿಯಲ್ಲಿ ನಮ್ಮನ್ನು ತಡೆದದ್ದು ಅಂಗೈಯಷ್ಟರ ಒಂದು ಹಕ್ಕಿ.

ಜೋಳ ಕೊಯ್ದ ಹೊಲದಲ್ಲಿ ಮಣ್ಣಿನ ಹೆಂಟೆಯೊಂದು ಓಡಿದಂತಾಯಿತು.

"ಗುಬ್ಬಿ, ಅಜ್ಜಾ!"

"ಗುಬ್ಬಿ ಕುಪ್ಪಳಿಸ್ತೈತಿ. ಇದು ನಡಕೊಂಡು ಹೊಂಟೈತಿ ನೋಡು. ಇದು ನೆಲಗುಬ್ಬಿ."

ಬ್ಯಾಂಕಿನಲ್ಲಿ ನನ್ನ ಕೆಲಸ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸುವುದಾಗಿತ್ತು. ಎಲ್ಲ ಸಹಿಗಳೂ ಮೊದಲು ಒಂದೇ ಥರ ಕಾಣುತ್ತವೆ. ಒಂದು ಕೊಂಡಿಯೋ ಗೀಟೋ ಗುಟ್ಟು ಬಿಟ್ಟುಕೊಡುತ್ತದೆ. ಮಣ್ಣುಬಣ್ಣದ ಈ ಹಕ್ಕಿಗಳೂ ಹಾಗೆಯೇ. ಬೂದಿ ಬಣ್ಣದ ನೆತ್ತಿ, ಕಣ್ಣಿಗೆ ಅಡ್ಡವಾಗಿ ಕಪ್ಪು ಪಟ್ಟಿ, ಹೊಟ್ಟೆಯೂ ಕಪ್ಪಾಗಿದ್ದರೆ ಬೂದುನೆತ್ತಿಯ ನೆಲಗುಬ್ಬಿಯ ಗಂಡು. ಹೆಣ್ಣಿಗೆ ಆ ಕಪ್ಪು ಇಲ್ಲ. ಬಾಲ ಇಟ್ಟಿಗೆ ಬಣ್ಣವಿದ್ದು ತುದಿಯಲ್ಲಿ ಕಪ್ಪು ಪಟ್ಟಿಯಿದ್ದರೆ ಕೆಂಬಾಲದ್ದು. ತಲೆಯ ಮೇಲೆ ಚೂಪು ಜುಟ್ಟಿದ್ದರೆ ಜುಟ್ಟಿನ ಜಾತಿ. ಪೊದೆಯ ತುದಿಯಿಂದ ಹಾಡುತ್ತ ಮೇಲೆದ್ದು, ರೆಕ್ಕೆ ಎತ್ತಿಹಿಡಿದು, ಕಾಲು ಇಳಿಬಿಟ್ಟು ಮೆಲ್ಲಗೆ ಇಳಿದರೆ ಅದು ಪೊದೆಯ ನೆಲಗುಬ್ಬಿ. ಸಪೂರ ಮೈಯ ಹಕ್ಕಿ ನಿಂತಲ್ಲೇ ಬಾಲ ಮೇಲೆ ಕೆಳಗೆ ಆಡಿಸುತ್ತಿದ್ದರೆ ಮಾತ್ರ ಮೋಸ ಹೋಗಬೇಡಿ. ಅದು ಪಿಪಿಟ್ ಎಂಬ ಬೇರೆ ಹಕ್ಕಿ.

ಅಷ್ಟರಲ್ಲಿ ನಮ್ಮ ಗಂಡು ಹಕ್ಕಿ ಪಟಪಟನೆ ಮೇಲೇರಿತು. ರೆಕ್ಕೆ ಮಡಚಿ ಕಲ್ಲಿನಂತೆ ಕೆಳಗೆ ಬಿತ್ತು. ನೆಲ ಮುಟ್ಟುವ ಮೊದಲೇ ಮತ್ತೆ ಮೇಲೆದ್ದಿತು.

"ಅಜ್ಜಾ, ಬೀಳುವಾಗ ಉದ್ದಕ ಸೀಟಿ ಹೊಡೀತೈತಿ!"

ನನಗೆ ಏನೂ ಕೇಳಿಸಲಿಲ್ಲ. ಹುಡುಗನಾಗಿದ್ದಾಗ ದನ ಕಾಯುತ್ತ ಆ ಸೀಟಿಯನ್ನು ಎಷ್ಟು ಸಲ ಕೇಳಿದ್ದೆ! ವಯಸ್ಸಾದಂತೆ ಸಣ್ಣ, ಕೀಚು ದನಿಗಳೇ ಮೊದಲು ಕಿವಿಯಿಂದ ಜಾರುತ್ತವೆ. ಈ ಹೊಲಗಳಲ್ಲಿ ನೆಲಗುಬ್ಬಿ ಹಾಡುವುದನ್ನೇ ಬಿಟ್ಟಿದೆ ಎಂದು ನಾನು ಕೆಲವು ವರ್ಷಗಳಿಂದ ನಂಬಿಕೊಂಡಿದ್ದೆ.

ಹತ್ತಿರದಿಂದ ನೋಡೋಣವೆಂದು ನಾಲ್ಕು ಹೆಜ್ಜೆ ಇಟ್ಟೆ.

"ನಿಲ್ಲು ಅಜ್ಜಾ! ಕಾಲಿಡಬ್ಯಾಡ!"

ನನ್ನ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ, ಹೆಂಟೆಯ ಮರೆಯ ಸಣ್ಣ ಕುಳಿಯಲ್ಲಿ ಹುಲ್ಲಿನ ಹಾಸು. ಅಂಚಿಗೆ ಬೆಣಚು ಕಲ್ಲುಗಳು. ಒಳಗೆ ಕಂದು ಚುಕ್ಕೆಯ ಎರಡು ಮೊಟ್ಟೆ. ಮುಟ್ಟಲಿಲ್ಲ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು ಬದುವಿನ ಮೇಲೆ ಕುಳಿತೆವು. ಸ್ವಲ್ಪ ಹೊತ್ತಿಗೆ ಹೆಣ್ಣು ನಡೆಯುತ್ತಲೇ ಬಂದು ಕಾವಿಗೆ ಕುಳಿತು ಮಣ್ಣಿನಲ್ಲಿ ಮಣ್ಣಾಯಿತು.

ಗಂಡು ಮತ್ತೆ ಮೇಲೇರಿತು. ಮೊಮ್ಮಗ ನನ್ನ ತೋಳು ಹಿಡಿದುಕೊಂಡ. ಸೀಟಿ ಶುರುವಾದಾಗ ಒಮ್ಮೆ ಒತ್ತುತ್ತಿದ್ದ, ನಿಂತಾಗ ಬಿಡುತ್ತಿದ್ದ.