ಸುತ್ತು ಹೆಣಿಗೆಗೆ ಯಾವ ಕಡ್ಡಿ?

ಉಲ್ಲನ್ ಟೋಪಿ ಹೆಣೆಯೋಕೆ ಯಾವ ಕಡ್ಡಿ ತಗೊಳ್ಳಲಿ ಅಂತ ಹೊಸಬರು ಕೇಳಿದರೆ ಹೆಚ್ಚಿನವರು ಹೇಳೋದು ಸರ್ಕ್ಯುಲರ್ ಕಡ್ಡಿ: ಎರಡು ಗಿಡ್ಡ ಕಡ್ಡಿ, ನಡುವೆ ಬಳುಕುವ ವೈರು. ದೊಡ್ಡವರ ಟೋಪಿಗೆ 40 ಸೆಂ.ಮೀ. ಉದ್ದದ್ದು ಸರಿ. ಉಲ್ಟಾ ಸಾಲಿನ ಗೋಜೇ ಇಲ್ಲ, ಸೀದಾ ಹಾಕ್ಕೊಂಡು ಸುತ್ತುತ್ತಾ ಹೋದರಾಯ್ತು. ತಕರಾರು ಶುರುವಾಗೋದು ನೆತ್ತಿಯ ಹತ್ತಿರ. ಕುಣಿಕೆ ಕಡಿಮೆ ಮಾಡ್ತಾ ಬಂದಂತೆ ಅವು ವೈರಿನ ಸುತ್ತ ಎಟಕೋದೇ ಇಲ್ಲ.

ಆಗ ಬೇಕು ಎರಡೂ ತುದಿ ಚೂಪಿರುವ ಕಡ್ಡಿಗಳ ಸೆಟ್ಟು. ಮೂರರಲ್ಲೋ ನಾಲ್ಕರಲ್ಲೋ ಕುಣಿಕೆ, ಇನ್ನೊಂದರಲ್ಲಿ ಹೆಣಿಗೆ. ನೋಡೋಕೆ ಮುಳ್ಳುಹಂದಿ ಹಿಡಿದ ಹಾಗಿದ್ರೂ ಕೆಲಸ ನಡೆಯೋದು ಒಂದು ಸಲಕ್ಕೆ ಎರಡೇ ಕಡ್ಡಿಯಲ್ಲಿ, ಉಳಿದವು ಸುಮ್ಮನೆ ನೇತಾಡ್ತಿರ್ತವೆ. ಒಂದು ಕಡ್ಡಿಯಿಂದ ಮುಂದಿನದಕ್ಕೆ ದಾಟುವಲ್ಲಿ ಹೆಣಿಗೆ ಸಡಿಲಾಗಿ ಉದ್ದಕ್ಕೂ ಸಂದಿ ಬೀಳುತ್ತೆ. ಹೊಸ ಕಡ್ಡಿಯಲ್ಲಿ ಎರಡನೇ ಕುಣಿಕೆ ಹಾಕಿದ ಮೇಲೆ ದಾರವನ್ನು ಒಮ್ಮೆ ಜಗ್ಗಿ, ಮಾಯವಾಗುತ್ತೆ. ಕಲಿಯುವಾಗ ಬಿದಿರಿನ ಕಡ್ಡಿಯೇ ವಾಸಿ. ಸ್ಟೀಲಿನದು ಜಾರುತ್ತೆ, ಬಿದ್ದರೆ ಮನೆಯವರೆಲ್ಲ ಎದ್ದು ಕೂರ್ತಾರೆ.

ಈ ಪದ್ಧತಿ ಎಷ್ಟು ಹಳೇದು ಅಂದರೆ, 1400ರ ಸುಮಾರಿನ ಒಂದು ಜರ್ಮನ್ ಚಿತ್ರದಲ್ಲಿ ಮೇರಿ ಮಾತೆ ಪುಟ್ಟ ಅಂಗಿಯ ಕುತ್ತಿಗೆಯನ್ನು ಇಂಥ ಕಡ್ಡಿಗಳಲ್ಲೇ ಹೆಣೀತಿದಾಳೆ. ಈಗ ಅದು ಹ್ಯಾಂಬರ್ಗಿನ ಕುನ್ಸ್‌ಥಾಲೆ ಮ್ಯೂಸಿಯಂನಲ್ಲಿದೆ.

ಇನ್ನು ಮ್ಯಾಜಿಕ್ ಲೂಪ್. 80–100 ಸೆಂ.ಮೀ. ವೈರನ್ನು ಕುಣಿಕೆಗಳ ನಡುವಿಂದ ಹೊರಗೆಳೆದು ಅರ್ಧರ್ಧ ಸುತ್ತು ಹೆಣೆಯೋದು. ಒಂದೇ ಕಡ್ಡಿಯಲ್ಲಿ ಬುಡದಿಂದ ನೆತ್ತಿವರೆಗೂ ಮುಗಿಯುತ್ತೆ, ನಿಜ. ಆದರೆ ಹೆಣೆಯೋದಕ್ಕಿಂತ ವೈರು ಎಳೆಯೋದೇ ಜಾಸ್ತಿ ಅನಿಸಿ ನನಗಂತೂ ಒಗ್ಗಲಿಲ್ಲ.